ಒಂದು ಸೂಜಿಯಷ್ಟು ಸಂದು

ಆ ಬೆಳಿಗ್ಗೆ ಮೋಡ ಕವಿದಿತ್ತು. ಮಳೆ ಬರುವಂತೆಯೂ ಇಲ್ಲ, ಬಿಸಿಲು ಬೀಳುವಂತೆಯೂ ಇಲ್ಲ. ಕೊಡಲೋ ಬೇಡವೋ ಎಂದು ಮುಷ್ಟಿ ಬಿಗಿಹಿಡಿದು ನಿಂತ ದಾನಿಯ ಹಾಗೆ ಆಕಾಶ ಸುಮ್ಮನಿತ್ತು. ಗಾಳಿಯ ಸುಳಿವಿಲ್ಲದೆ ಗ್ಯಾರೇಜಿನ ತಗಡಿನ ಕೆಳಗೆ ನಿನ್ನೆಯ ಎಣ್ಣೆಯ ವಾಸನೆ ನಿನ್ನೆಯ ಜಾಗದಲ್ಲೇ ಕೂತಿತ್ತು.

ಮಾವ ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದರು. ಗ್ಯಾರೇಜು ಅವರದು, ಅಂಗಳದಲ್ಲಿ ಜಾಕಿಯ ಮೇಲೆ ನಿಂತ ಹಳೆಯ ಜೀಪು ಅವರದು, ಒಳಗೆ ಕೆಲಸ ಮಾಡುವ ಇಬ್ಬರೂ ಅವರ ಅಳಿಯಂದಿರು. ದೊಡ್ಡ ಅಳಿಯ ಮದುವೆಯಾದ ವರ್ಷದಿಂದ ಅಲ್ಲೇ ಇದ್ದವನು. ಅವನಿಗೆ ಮಾತು ಕಡಿಮೆ, ಕೆಲಸ ಚೊಕ್ಕ. ಚಿಕ್ಕ ಅಳಿಯ ಹೋದ ವರ್ಷವಷ್ಟೇ ಬಂದವನು. ಅವನ ಬಾಯಿಗೆ ಬೀಗವಿಲ್ಲ, ಸ್ಪ್ಯಾನರಿನ ಜೊತೆಗೂ ಮಾತಾಡುವವನು. ಮಾವನ ಕೈ ಈಚೆಗೆ ನಡುಗುತ್ತಿತ್ತು. ಸ್ಟೂಲಿನ ಮೇಲೆ ಕೂತು ನೋಡುವುದೇ ಈಗ ಅವರ ಕೆಲಸ.

ನೋಡುವುದೆಂದರೆ ಚಿಕ್ಕವನನ್ನು. ದೊಡ್ಡವನ ಎದೆಯಲ್ಲಿ ಮುರಿದ ಮುಳ್ಳು ಅದೇ. ಇಷ್ಟು ವರ್ಷ ಅವನು ಎಂಜಿನ್ ಇಳಿಸಿದ್ದ, ಗೇರುಬಾಕ್ಸು ಬಿಚ್ಚಿ ಕೂಡಿಸಿದ್ದ. ಮಾವ ಒಂದು ದಿನವೂ ಬಂದು ಬಗ್ಗಿ ನೋಡಿದವರಲ್ಲ. "ಆಯ್ತಾ?" ಎಂದು ಕೇಳುವರು, "ಆಯ್ತು" ಎಂದರೆ ಬೀಡಿ ಹಚ್ಚಿಕೊಂಡು ಆಚೆ ಹೋಗುವರು. ಈಗ ನೋಡಿದರೆ ಚಿಕ್ಕವನು ಒಂದು ನಟ್ಟು ತಿರುಗಿಸಿದರೂ ಮಾವನ ಕತ್ತು ಅದರ ಜೊತೆಗೇ ತಿರುಗುತ್ತಿತ್ತು.

ಆ ಜೀಪು ನಾಲ್ಕೂ ಚಕ್ರದಿಂದ ಎಳೆಯುವಂಥದ್ದು. ವಾರಕ್ಕೊಮ್ಮೆ ದಾದಿಯನ್ನು ಮೇಲಿನ ಹಳ್ಳಿಗಳಿಗೆ ಕರೆದೊಯ್ಯುವುದು ಅದರ ಕರ್ತವ್ಯ. ಆ ಏರಿನಲ್ಲಿ ಮುಂದಿನ ಚಕ್ರಗಳೂ ಕೈಜೋಡಿಸದಿದ್ದರೆ ಗಾಡಿ ಹಿಂದಕ್ಕೇ ಜಾರುವುದು. ಕಳೆದ ಸಲ ಏರು ಹತ್ತುವಾಗ ಮುಂದಿನಿಂದ ಕಟಕಟ ಎಂಬ ಸದ್ದು ಹುಟ್ಟಿತ್ತು. ನಿನ್ನೆ ದೊಡ್ಡವನು ಗೇರುಬಾಕ್ಸಿನದೇ ಇರಬೇಕು ಎಂದ. ಚಿಕ್ಕವನು ಗಾಡಿಯ ಅಡಿಗೆ ತೂರಿ, ಮುಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ, ಬೆನ್ನಿಗೆಲ್ಲ ಮಣ್ಣು ಮೆತ್ತಿಕೊಂಡು ಈಚೆ ಬಂದು, ಹೋಗಿರುವುದು ಅದರ ಕ್ರಾಸ್ ಎಂದ. ಮಾವ ನಕ್ಕು, "ಇವನಿಗೆ ಕಿವಿ ಇದೆ" ಅಂದರು.

ಅಂದದ್ದು ಅಷ್ಟೇ. ಅಂದವರು ಮರೆತರು, ಅನ್ನಿಸಿಕೊಂಡವನೂ ಮರೆತ. ದೊಡ್ಡವನು ಮಾತ್ರ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ, ಪಕ್ಕದಲ್ಲಿಟ್ಟುಕೊಂಡು ಮಲಗಿ, ಬೆಳಿಗ್ಗೆ ಮತ್ತೆ ಹೊತ್ತುಕೊಂಡು ಬಂದ. ಹೆಂಡತಿ ಮುಖ ನೋಡಿಯೇ ಹೇಳಿದ್ದಳು: "ಒಲೆ ಹಚ್ಚೋದೇ ಬೇಡ ಬಿಡಿ ಇವತ್ತು. ನಿಮ್ಮ ಹೊಟ್ಟೆ ಮೇಲೆ ಪಾತ್ರೆ ಇಟ್ರೆ ಸಾಕು, ನೀರು ಕಾಯುತ್ತೆ."

ನಮ್ಮ ಹಿರಿಯರು ಈ ಬೇನೆಗೆ ಹೊಟ್ಟೆಕಿಚ್ಚು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಉರಿಯುವುದು ನಮ್ಮೊಳಗೆ, ಸೌದೆಯೂ ನಮ್ಮದೇ. ಯಾರ ಮೇಲೆ ಉರಿಯುತ್ತೇವೋ ಅವನು ತಣ್ಣಗೆ ಶಿಳ್ಳೆ ಹಾಕುತ್ತಿರುತ್ತಾನೆ.

ಚಿಕ್ಕವನು ಶಿಳ್ಳೆ ಹಾಕುತ್ತಲೇ ಶಾಫ್ಟನ್ನು ಇಳಿಸಿ, ಕದಲದಂತೆ ಹಿಡಿಯುವ ವೈಸಿಗೆ ಸಿಕ್ಕಿಸಿದ. ಕ್ರಾಸ್ ಎಂದರೆ ಕೂಡುವ ಗುರುತಿನಂತೆ ನಾಲ್ಕು ತೋಳಿರುವ ಉಕ್ಕಿನ ತುಂಡು. ತೋಳಿಗೊಂದು ಪುಟ್ಟ ಬಟ್ಟಲು. ಬಟ್ಟಲ ಒಳಗೋಡೆಗೆ ಒಂದರ ಪಕ್ಕ ಒಂದು ನಿಂತ ಸಣ್ಣ ಸಣ್ಣ ಸೂಜಿಗಳು. ತೋಳು ತಿರುಗುವುದು ಆ ಸೂಜಿಗಳ ಮೇಲೆ. ಮಾವ ತಾವೇ ಕಡೆದು ಮಾಡಿಕೊಂಡ ಹಿತ್ತಾಳೆಯ ಪಂಚನ್ನು ಪೆಟ್ಟಿಗೆಯಿಂದ ತೆಗೆದು ಚಿಕ್ಕವನ ಕೈಗೆ ಕೊಟ್ಟರು, ಹಳೆಯ ಬಟ್ಟಲನ್ನು ಇದರಿಂದ ಹೊಡೆದು ತೆಗೆ, ಬಟ್ಟಲು ಕೂರುವ ಶಾಫ್ಟಿನ ಕಿವಿಗೆ ಪೆಟ್ಟಾಗುವುದಿಲ್ಲ ಎಂದರು. ದೊಡ್ಡವನ ಕೈಗೆ ಆ ಪಂಚು ಎಂದೂ ಬಂದಿರಲಿಲ್ಲ. ಅವನು ಬೇರೆ ಗಾಡಿಯ ಬ್ರೇಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿದ. ನೋಡಿಲ್ಲ ಎಂಬಂತೆ ನೋಡಿದ.

ಹಳೆಯ ಬಟ್ಟಲು ಹೊರಬಿತ್ತು. ಒಳಗೆ ಗ್ರೀಸಿನ ಪಸೆಯೂ ಇಲ್ಲ, ಸೂಜಿಗಳೆಲ್ಲ ತುಕ್ಕು ಹಿಡಿದು ಕೆಂಪು ಪುಡಿಯಾಗಿದ್ದವು. ಚಿಕ್ಕವನು ಅಂಗೈಗೆ ಸುರಿದುಕೊಂಡು, ಇದು ಜಾಯಿಂಟೋ ಕುಂಕುಮದ ಭರಣಿಯೋ ಎಂದ. ಮಾವ ಮತ್ತೆ ನಕ್ಕರು. ಆ ನಗು ದೊಡ್ಡವನಿಗೆ ಇನ್ನೊಂದು ಕಡ್ಡಿ ಸೌದೆಯಾಯಿತು.

ಹೊಸ ಕ್ರಾಸಿನ ಪೊಟ್ಟಣ ಬಿಚ್ಚಿ, ನಾಲ್ಕು ಬಟ್ಟಲನ್ನೂ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟ ಹೊತ್ತಿಗೆ ಹಿತ್ತಲಿನಿಂದ ಚಿಕ್ಕವನ ಹೆಂಡತಿ ಕೂಗಿದಳು. ನೀರೆತ್ತುವ ಮೋಟಾರು ನಿಂತುಹೋಗಿತ್ತು. ಅವನು ಕೈ ಒರೆಸಿಕೊಂಡು ಹೋದ, ಮಾವನೂ ನೋಡೋಣವೆಂದು ಹಿಂದೆಯೇ ಹೋದರು.

ಗ್ಯಾರೇಜಿನಲ್ಲಿ ದೊಡ್ಡವನೊಬ್ಬನೇ ಉಳಿದ. ಎದ್ದು ಬಂದು ಪೇಪರಿನ ಮುಂದೆ ನಿಂತ. ಕೆಡಿಸಬೇಕೆಂದು ಬಂದವನಲ್ಲ, ದೇವರಾಣೆಗೂ ಅಲ್ಲ. ಹೊಸ ಬಟ್ಟಲು ಕಂಡರೆ ಒಳಗೆ ಬೆರಳಾಡಿಸುವುದು ಅವನಿಗೆ ಅಭ್ಯಾಸ. ಒಂದರಲ್ಲಿ ಬೆರಳಿಟ್ಟು ತಿರುಗಿಸಿ ತೆಗೆದ. ಬೆರಳ ತುದಿಯ ಜಿಡ್ಡಿಗೆ ಒಂದು ಸೂಜಿ ಅಂಟಿಕೊಂಡು ಬಂದಿತ್ತು. ವಾಪಸು ನಿಲ್ಲಿಸಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ನಿಲ್ಲಿಸಲಿಲ್ಲ. ಒಂದು ಗಳಿಗೆ ಅದನ್ನೇ ನೋಡಿದ. ಹಿತ್ತಲಿನಲ್ಲಿ ಮಾವ ಯಾವುದೋ ಮಾತಿಗೆ ಜೋರಾಗಿ ನಕ್ಕದ್ದು ಕೇಳಿಸಿತು. ಸೂಜಿ ಅಂಗಿಯ ಜೇಬಿಗೆ ಇಳಿಯಿತು.

ಏನಾಗುವುದೆಂದು ಅವನಿಗೆ ಗೊತ್ತಿತ್ತು. ಒಂದು ಸೂಜಿ ಹೋದರೆ ಉಳಿದವು ಒಂದಕ್ಕೊಂದು ಆತು ನಿಲ್ಲಲಾರವು, ಓರೆಯಾಗುತ್ತವೆ, ಬೀಳುತ್ತವೆ. ಬಟ್ಟಲು ಸರಿಯಾಗಿ ಕೂರುವುದಿಲ್ಲ, ಕಿವಿ ಇದೆ ಎನ್ನಿಸಿಕೊಂಡವನು ಮಾವನ ಮುಂದೆ ಬೆವರುತ್ತಾನೆ. ಅಷ್ಟೇ ಸಾಕು ಎಂದುಕೊಂಡ. ಅದರಾಚೆಗೆ ಯೋಚಿಸಲಿಲ್ಲ.

ಚಿಕ್ಕವನು ಬಂದ. ಬಟ್ಟಲಿಗೆ ಗ್ರೀಸು ತುಂಬಿದ. ಗ್ರೀಸಿನಡಿ ಎಲ್ಲವೂ ಒಂದೇ ಬಣ್ಣ, ಇರುವುದೂ ಇಲ್ಲದ್ದೂ. ಮೂರು ಬಟ್ಟಲು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಹೋಗಿ ಕೂತವು. ನಾಲ್ಕನೆಯದು ಮುಕ್ಕಾಲು ಹೋಗಿ ನಿಂತಿತು. ಬಟ್ಟಲು ಈಚೆ ಬರದಂತೆ ಹಿಡಿಯುವ ಸರ್ಕ್ಲಿಪ್ಪು ತನ್ನ ಕಚ್ಚಿಗೆ ಬೀಳಲಿಲ್ಲ. ಚಿಕ್ಕವನ ಶಿಳ್ಳೆ ನಿಂತಿತು. ಸುತ್ತಿಗೆ ಎತ್ತಿದ.

"ಬಡೀಬೇಡ. ತೆಗಿ ಅದನ್ನ," ಎಂದರು ಮಾವ.

ತೆಗೆದು ನೋಡಿದರೆ ಬಟ್ಟಲ ತಳದಲ್ಲಿ ಒಂದು ಸೂಜಿ ಅಡ್ಡ ಬಿದ್ದಿತ್ತು. ಚಿಕ್ಕವನ ಹಣೆಯ ಮೇಲೆ ಬೆವರು ಮೂಡಿತು. ಬಯಸಿದ್ದು ಕಣ್ಣ ಮುಂದೆಯೇ ನಡೆಯಿತು, ಆದರೂ ದೊಡ್ಡವನ ಉರಿ ಒಂದು ಬೆರಳೂ ತಗ್ಗಲಿಲ್ಲ. ಬೆಂಕಿಗೆ ಅನ್ನ ಹಾಕಿದರೆ ಅದಕ್ಕೆ ಹೊಟ್ಟೆ ತುಂಬುತ್ತದೆಯೇ?

ಚಿಕ್ಕವನು ಬಿದ್ದ ಸೂಜಿಯನ್ನು ಎತ್ತಿ ನಿಲ್ಲಿಸಿದ, ಇನ್ನಷ್ಟು ಗ್ರೀಸು ಒತ್ತಿದ. ಈ ಸಲ ಹೋಗುತ್ತದೆ, ದೊಡ್ಡವನಿಗೆ ಅದೂ ಗೊತ್ತಿತ್ತು. ಸರ್ಕ್ಲಿಪ್ಪೂ ಬೀಳುತ್ತದೆ, ಗಾಡಿಯೂ ಓಡುತ್ತದೆ. ಆಮೇಲೆ ಯಾವುದೋ ಏರಿನ ನಡುವೆ, ಸೂಜಿಗಳು ಒಂದರ ಮೇಲೊಂದು ಹತ್ತಿ, ಶಾಫ್ಟು ಬಿಚ್ಚಿಕೊಂಡು ನೆಲಕ್ಕೆ ಊರುತ್ತದೆ. ನಾಳೆ ಆ ಜೀಪನ್ನು ಓಡಿಸುವವನು ಚಿಕ್ಕವನು, ಪಕ್ಕದಲ್ಲಿ ಕೂರುವವಳು ದಾದಿ.

"ತಾಳು," ಎಂದರು ಮಾವ ಚಿಕ್ಕವನಿಗೆ. "ಈಗ್ಲೇ ಹಾಕ್ಬೇಡ. ಅಣ್ಣನ ಕೈಗೆ ಕೊಡು."

"ಎಲ್ಲಾ ನಿಂತಿದೆ ಮಾವ. ನೋಡಿ ಬೇಕಾದ್ರೆ."

"ನೋಡಿದ್ರೆ ಕಾಣಲ್ಲಪ್ಪ ಅದು. ಬೆರಳಿಗೆ ಗೊತ್ತಾಗ್ಬೇಕು. ನನ್ನ ಬೆರಳು ಈಗ ನಡುಗುತ್ತೆ, ಇರೋದನ್ನೂ ಇಲ್ಲ ಅನ್ನುತ್ತೆ. ಈ ವಿದ್ಯೆ ನಾನು ಹೇಳಿಕೊಟ್ಟಿದ್ದು ಅವನೊಬ್ಬನಿಗೆ." ಮಾವ ಬೀಡಿ ಹುಡುಕುತ್ತ ಜೇಬು ತಡಕಿದರು. "ನಿನ್ನ ಕೆಲಸ ನಾನು ಕೂತು ನೋಡ್ಬೇಕು. ಅವನದ್ದು ನಾನು ಯಾವತ್ತಾದ್ರೂ ನೋಡಿದ್ದೀನಾ? ಅವನು ಆಯ್ತು ಅಂದ್ರೆ ಆಯ್ತು."

ಹೊಗಳುವ ದನಿಯಲ್ಲ ಅದು. ಬಾವಿಯಲ್ಲಿ ನೀರಿದೆ ಎನ್ನುವಷ್ಟು ಸಲೀಸಾಗಿ ಹೇಳಿ, ಬೀಡಿ ಹಚ್ಚಿಕೊಂಡು ಅಂಗಳದ ಕಡೆ ತಿರುಗಿ ಕೂತರು.

ಚಿಕ್ಕವನು ಬಟ್ಟಲನ್ನು ತಂದು ದೊಡ್ಡವನ ಮುಂದೆ ಹಿಡಿದ. "ನಂಗೂ ಹೇಳ್ಕೊಡಿ ಅಣ್ಣ," ಎಂದ. "ಆವಾಗಿಂದ ಕೇಳೋಣ ಅಂತಿದ್ದೆ. ನೀವು ಮುಖ ಗಂಟು ಹಾಕ್ಕೊಂಡಿದ್ರಿ, ಧೈರ್ಯ ಬರ್ಲಿಲ್ಲ."

ದೊಡ್ಡವನು ಬಟ್ಟಲು ತೆಗೆದುಕೊಂಡು ಕಣ್ಣು ಮುಚ್ಚಿದ. ಬೆರಳು ಒಳಗಿಳಿದು ಮೆಲ್ಲಗೆ ಸುತ್ತತೊಡಗಿತು. ಎಷ್ಟೋ ವರ್ಷದ ಹಿಂದೆ, ಮಾವನ ಕೈ ಗಟ್ಟಿಯಾಗಿದ್ದ ಕಾಲದಲ್ಲಿ, ಅವರು ಇವನ ಬೆರಳನ್ನು ಹಿಡಿದು ಹೀಗೇ ಒಂದು ಬಟ್ಟಲಲ್ಲಿ ಸುತ್ತಿಸಿದ್ದರು. ಅವತ್ತೂ ನಾಲಿಗೆ ಖರ್ಚು ಮಾಡಿರಲಿಲ್ಲ. ಜಪಸರದ ಮೇಲೆ ಜಾರುವಂತೆ ಬೆರಳು ಸೂಜಿಯಿಂದ ಸೂಜಿಗೆ ಜಾರಿತು, ಗೊತ್ತಿದ್ದ ಜಾಗಕ್ಕೇ ಬಂದು ಒಂದು ಕೂದಲೆಳೆಯಷ್ಟು ತಗ್ಗಿಗೆ ಇಳಿಯಿತು. ಅಲ್ಲಿ ನಿಂತಿತು.

ಹೂಂ ಎಂದರೆ ಸಾಕಾಗಿತ್ತು. ಮಾವ ತಿರುಗಿಯೂ ನೋಡುತ್ತಿರಲಿಲ್ಲ. ಇಷ್ಟು ವರ್ಷ ನೋಡದೆ ಇದ್ದದ್ದರಲ್ಲಿ ಏನಿತ್ತು ಎಂಬುದು ಈಗ ಬೆರಳ ತುದಿಗೆ ತಾಕುತ್ತಿತ್ತು.

ಅವನು ಚಿಕ್ಕವನ ಬಲಗೈಯ ಬೆರಳನ್ನು ಹಿಡಿದು ಬಟ್ಟಲಿನೊಳಗೆ ಇಳಿಸಿದ. "ಒತ್ತಬೇಡ. ಮಗು ಕೆನ್ನೆ ಮುಟ್ಟಿದ ಹಾಗೆ ಹೋಗ್ತಾ ಇರು. ಹೂಂ... ಇನ್ನೂ ಸ್ವಲ್ಪ. ಇಲ್ಲಿ. ಗೊತ್ತಾಯ್ತಾ?"

ಚಿಕ್ಕವನು ಉಸಿರು ಹಿಡಿದಿದ್ದ. "ಏನೋ ಸಣ್ಣ ಸಂದು."

"ಒಂದು ಕಡಿಮೆ ಇದೆ," ಎಂದ ದೊಡ್ಡವನು.

ಚಿಕ್ಕವನು ಪೇಪರನ್ನು ಎತ್ತಿ ಕೊಡವಿದ, ಕೆಳಗೆ ಬಗ್ಗಿ ವೈಸಿನ ಬುಡದಲ್ಲೆಲ್ಲ ಅಂಗೈಯಾಡಿಸಿದ. ಜೊತೆಗೆ ಬಗ್ಗಿ, ಮಣ್ಣಿನಲ್ಲಿ ಸಿಕ್ಕಿತು ಎನ್ನಬಹುದಿತ್ತು. ದೊಡ್ಡವನಿಗೆ ಅದೂ ಹೊಳೆಯಿತು. ಅವನು ಬಗ್ಗಲಿಲ್ಲ. ನಿಂತಲ್ಲೇ ಜೇಬಿಗೆ ಕೈ ಹಾಕಿ, ಸೂಜಿಯನ್ನು ತೆಗೆದು, ಅಂಗೈ ಮೇಲಿಟ್ಟು ಮುಂದೆ ಚಾಚಿದ. ಜಿಡ್ಡಿಗೆ ಜೇಬಿನ ನೀಲಿ ನೂಲಿನ ಎಳೆಯೊಂದು ಅಂಟಿಕೊಂಡಿತ್ತು.

ಚಿಕ್ಕವನು ಎದ್ದುನಿಂತು ಸೂಜಿಯನ್ನು ನೋಡಿದ, ಆ ಎಳೆಯನ್ನು ನೋಡಿದ, ಅಣ್ಣನ ಜೇಬನ್ನು ನೋಡಿದ. ಎರಡು ಬೆರಳಲ್ಲಿ ಸೂಜಿಯನ್ನು ಎತ್ತಿಕೊಂಡು ಸೀಮೆಎಣ್ಣೆಯ ತಟ್ಟೆಯಲ್ಲಿ ಅದ್ದಿದ. ನೀಲಿ ಎಳೆ ಬಿಟ್ಟುಕೊಂಡು ತೇಲಿತು. ಒರೆಸಿದ ಸೂಜಿಯನ್ನು ಅವನು ತಾನೇ ನಿಲ್ಲಿಸಲಿಲ್ಲ, ಬಟ್ಟಲ ಸಮೇತ ಅಣ್ಣನ ಮುಂದೆ ಹಿಡಿದ. ದೊಡ್ಡವನು ಅದನ್ನು ತೆಗೆದುಕೊಂಡು, ಸಂದಿನ ಜಾಗವನ್ನು ಬೆರಳಿನಿಂದಲೇ ಹುಡುಕಿ, ಅದರ ಪಾಲಿನ ಜಾಗವನ್ನು ಅದಕ್ಕೆ ಕೊಟ್ಟ.