ಫೌಸ್ಟಿನೊ ಹಾಕಿದ ಮೂರು ಗೀರು

ಕೆಳಗಿನ ಊರಿನಿಂದ ಪರ್ವತದ ನೆತ್ತಿಯ ನಮ್ಮ ಎಲ್ ಆಲ್ಟೊಗೆ ಬಂದ ಯಾವ ಕಾರಾದರೂ ಮೊದಮೊದಲು ಮುನಿಸಿಕೊಳ್ಳುತ್ತದೆ. ಮನುಷ್ಯರಿಗೂ ಅದೇ ಗತಿ: ತಲೆಸಿಡಿತ, ಎರಡು ಮೆಟ್ಟಿಲಿಗೆ ಏದುಸಿರು. ಏನು ಕೆಟ್ಟರೂ ಎತ್ತರದ ತಲೆಗೆ ಕಟ್ಟುವುದು ನಮ್ಮವರ ಚಾಳಿ. ಹಾಲು ಒಡೆದರೂ ಎತ್ತರ, ಹೆಂಡತಿ ಬೈದರೂ ಎತ್ತರ. ಸತುರ್ನಿನಾ ಮಾತ್ರ ಬಿಚ್ಚಿ ನೋಡದೆ ಬಾಯಿ ಬಿಡುವ ಮೆಕ್ಯಾನಿಕ್ ಅಲ್ಲ. ಗಂಡ ಫೌಸ್ಟಿನೊನ ಜೊತೆ ಹದಿನೈದು ವರ್ಷ ಗ್ಯಾರೇಜು ನಡೆಸಿದವಳು, ಅವನು ಹೋದ ಮೇಲೆ ಒಬ್ಬಳೇ ನಡೆಸುತ್ತಿದ್ದಳು.

ಆ ಬೆಳಿಗ್ಗೆ ಬಂದವನು ಅಬೆಲಾರ್ಡೊ. ಕಾಡಿನ ಸೀಮೆಯ ರಿಬೆರಾಲ್ಟಾದವನು, ಇಲ್ಲಿ ಕೆಲಸ ಸಿಕ್ಕಿ ಮನೆ ಬದಲಿಸಿ ತಿಂಗಳಾಗಿತ್ತು. ಅವನ ಬಿಳಿ ಕಾರಿನ ಪೆಡಲು ಒತ್ತಿದರೆ ಎಂಜಿನ್ ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಎಳೆಯುತ್ತಿತ್ತು.

"ಕೆಳಗೆ ಚಿರತೆ ಥರ ಓಡ್ತಿತ್ತು ಅಕ್ಕಾ. ನಿಮ್ಮೂರಿಗೆ ಬಂದು ಮುದುಕಿ ಆಗ್ಬಿಟ್ಟಿದೆ."

"ನೀನೂ ಹಂಗೇ ಕಾಣ್ತೀಯ. ಕೋಕಾ ಎಲೆ ಕಷಾಯ ಇದೆ, ತಲೆಸಿಡಿತಕ್ಕೆ ಒಳ್ಳೇದು, ಕುಡಿದು ಆ ಕಡೆ ಕೂತ್ಕೋ."

ಪ್ಲಗ್ಗು ಬಿಚ್ಚಿದರೆ ಬರೀ ಮಸಿ. ಇಲ್ಲಿ ಗಾಳಿ ತೆಳು. ಕೆಳಗಿನ ಲೆಕ್ಕದಲ್ಲಿ ಪೆಟ್ರೋಲ್ ಸುರಿದರೆ ಪೂರ್ತಿ ಉರಿಯುವುದಿಲ್ಲ. ಪೆಟ್ರೋಲ್ ಕಡಿಮೆ ಹರಿಯಲಿ ಎಂದು ಕಾರ್ಬೊರೇಟರಿಗೆ ಸಣ್ಣ ತೂತಿನ ಜೆಟ್ ಕೂರಿಸಿದಳು. ಅರ್ಧ ಸರಿಹೋಯಿತು. ಉಳಿದರ್ಧ ಟೈಮಿಂಗಿನದು, ಈ ಎತ್ತರದಲ್ಲಿ ಕಿಡಿ ಕೊಂಚ ಬೇಗ ಹಾರಬೇಕು, ಅದಕ್ಕೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಬೇಕು. ಬೋಲ್ಟು ಸಡಿಲಿಸಿ ಜಿಡ್ಡು ಒರೆಸುವಾಗ ಬೆರಳಿಗೆ ಏನೋ ತಗುಲಿತು. ಅರದಿಂದ ಗೀರಿದ ಮೂರು ಗೆರೆ, ನಡುವಿನದು ಓರೆ.

ಅವಳು ಅದರ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಎಲ್ ಆಲ್ಟೊದಲ್ಲಿ ನೂರಾರು ಗ್ಯಾರೇಜುಗಳಿವೆ, ನಡುಗೆರೆಯನ್ನು ಹಾಗೆ ಓರೆಯಾಗಿ ಎಳೆಯುತ್ತಿದ್ದವನು ಒಬ್ಬನೇ. ಟೈಮಿಂಗು ಮೇಲಿನ ಊರಲ್ಲಿ ಎಲ್ಲಿ ನಿಲ್ಲಬೇಕೋ ಅದು ಕಣ್ಣುಮುಚ್ಚಿ ತಡವಿದರೂ ಸಿಗಲಿ ಎಂದು ಫೌಸ್ಟಿನೊ ತನ್ನ ಸ್ವಂತ ಕಾರಿಗೆ ಹಾಕಿಕೊಂಡ ಗುರುತು. ಸತುರ್ನಿನಾ ಬಾಗಿಲ ಸಂದಿಯಲ್ಲಿ ಬಿಳಿ ಬಣ್ಣ ಕೆರೆದು ನೋಡಿದಳು. ಅಡಿಯಲ್ಲಿ ನೀಲಿ ಇತ್ತು.

ನಾಲ್ಕು ಮಳೆಗಾಲದ ಹಿಂದೆ ಫೌಸ್ಟಿನೊ ಘಟ್ಟ ಇಳಿದದ್ದು ನೀಲಿ ಕಾರಿನಲ್ಲೇ. ಅದೇ ವಾರ ರಸ್ತೆ ಕುಸಿದು ಎರಡು ಗಾಡಿ ಪ್ರಪಾತಕ್ಕೆ ಹೋದವು, ಹೆಣ ಸಿಗಲಿಲ್ಲ. ಅವನೂ ಸತ್ತ ಎಂದು ಊರೇ ಅಂದಿತು. ಸತ್ತವರಿಗೆ ನಾವು ಮೂರು ವರ್ಷ ಎಡೆ ಇಡುತ್ತೇವೆ: ನವೆಂಬರ್ ಒಂದರ ನಡುಮಧ್ಯಾಹ್ನ ಜೀವ ಬರುತ್ತದೆ, ಉಂಡು ಮಾರನೆಯ ಮಧ್ಯಾಹ್ನ ಹೊರಡುತ್ತದೆ. ಮೂರನೆಯ ವರ್ಷ ಕೊನೆಯ ಬೀಳ್ಕೊಡುಗೆ, ಆಮೇಲೆ ಆ ಜೀವ ಇತ್ತ ತಿರುಗುವ ಹಾಗಿಲ್ಲ. ಸೋಂಪು ಹಾಕಿದ ಹಿಟ್ಟಿನಲ್ಲಿ ಸತುರ್ನಿನಾ ಅವನ ಮುಖದ ರೊಟ್ಟಿಯನ್ನೇ ಮಾಡಿ ಸುಟ್ಟು ಇಡುತ್ತಿದ್ದಳು.

ಹೋದ ವರ್ಷ, ಮೂರನೆಯ ಎಡೆಗೆ ಎರಡು ವಾರ ಇರುವಾಗ ಒಬ್ಬ ಲಾರಿಯವನು ಬಂದು, ಕೆಳಗಿನ ನದಿ ಊರಲ್ಲಿ ಫೌಸ್ಟಿನೊನನ್ನು ಕಂಡೆ, ಕಂಕುಳಲ್ಲಿ ಕೂಸಿತ್ತು ಎಂದಿದ್ದ. ಅವಳು ಸ್ಪ್ಯಾನರ್ ಹಿಡಿದು ಅವನನ್ನು ಬೀದಿ ಕೊನೆಯವರೆಗೆ ಅಟ್ಟಿದ್ದಳು. ಸತ್ತವನ ಹೆಂಡತಿಗೆ ಓಣಿಯಲ್ಲಿ ಮರ್ಯಾದೆ ಉಂಟು. ಓಡಿಹೋದವನ ಹೆಂಡತಿಗೆ ಏನಿದೆ, ಮಣ್ಣು! ಸುಳ್ಳು ಎಂದು ಎಲ್ಲರಿಗೂ ಸಾರಿದಳು. ಒಳಗೊಳಗೇ ನಂಬಿದಳು. ಆ ವರ್ಷ ರೊಟ್ಟಿಯನ್ನು ಇನ್ನೂ ದೊಡ್ಡದಾಗಿ ಮಾಡಿದಳು.

ಈಗ ಕಾರು ಒಂದು ನೆಗ್ಗೂ ಇಲ್ಲದೆ ಎದುರಿಗೆ ನಿಂತಿತ್ತು. ಯಾರಿಂದ ಕೊಂಡೆ ಎಂದು ಕೇಳಿದಳು.

ಒಬ್ಬ ವಿಧವೆಯಿಂದ ಎಂದ ಅಬೆಲಾರ್ಡೊ. ಗಂಡ ಮೆಕ್ಯಾನಿಕ್, ಇಲ್ಲಿನವನೇ, ಕಲ್ಲಿನಂಥ ಆಳು. ಆದರೆ ವರ್ಷಕ್ಕೊಂದು ದಿನ, ನವೆಂಬರ್ ಒಂದರ ಮಧ್ಯಾಹ್ನ, ಎಲ್ಲಿದ್ದರೆ ಅಲ್ಲೇ ನೆಲಕ್ಕೆ ಕೂತು ಬರಿಬಾಯಿ ಅಗಿಯತೊಡಗುತ್ತಿದ್ದನಂತೆ. ಕಣ್ಣು ತೆರೆದೇ ಇರುತ್ತಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಮಾರನೆಯ ಮಧ್ಯಾಹ್ನ ಎದ್ದು, ಬಾಯೆಲ್ಲ ಸೋಂಪು ಎನ್ನುತ್ತಿದ್ದ. ಡಾಕ್ಟರು ಏನೂ ಕಾಯಿಲೆ ಇಲ್ಲವೆಂದು ಎರಡು ಸಲ ಕಳಿಸಿದ್ದರು.

"ಹೋದ ನವೆಂಬರಲ್ಲಿ?" ಸತುರ್ನಿನಾ ಕೇಳಿದಳು.

"ತುಂಬಾ ಅಗಿದನಂತೆ ಅಕ್ಕಾ, ಒಸಡಲ್ಲಿ ರಕ್ತ ಬರೋ ತನಕ. ಮಾರನೇ ಮಧ್ಯಾಹ್ನ ಎದ್ದು ಹೆಂಡ್ತಿ ಕೈ ಹಿಡ್ಕೊಂಡು, 'ಅವಳು ನನ್ನ ಕಳಿಸ್ಕೊಡ್ತಿದಾಳೆ, ಬೇಡ ಅನ್ನು ಅವಳಿಗೆ' ಅಂದ. ಯಾರು ಅಂತ ಕೇಳೋಷ್ಟ್ರಲ್ಲಿ ಉಸಿರು ನಿಂತಿತ್ತು. ಕೂಸಿಗೆ ಇನ್ನೂ ಎರಡು ತುಂಬಿರ್ಲಿಲ್ಲ."

ಸತುರ್ನಿನಾಳಿಗೆ ಮೊದಲು ಹೊಟ್ಟೆ ಉರಿಯಿತು. ಇನ್ನೊಬ್ಬಳ ಕೈ ಹಿಡಿದು ಸತ್ತನಲ್ಲ, ಪಾಪಿ! ಆಮೇಲೆ ಉರಿ ಆರಿ, ಮೊಣಕೈವರೆಗೂ ತಣ್ಣಗಾಯಿತು. ಹಿಟ್ಟು ನಾದಿದ್ದು ಇದೇ ಕೈ. ಮೂರನೆಯ ವರ್ಷ ಬೀಳ್ಕೊಡುವ ಮಾತನ್ನು ಗಟ್ಟಿಯಾಗಿ, ನೆರೆಯವರಿಗೆ ಕೇಳುವಂತೆ ಮೂರು ಸಲ ಹೇಳಿದ್ದೂ ಇವಳೇ.

ಡಿಸ್ಟ್ರಿಬ್ಯೂಟರನ್ನು ಓರೆಗೆರೆಗೆ ತಂದು ಬೋಲ್ಟು ಬಿಗಿದಳು. ಅಬೆಲಾರ್ಡೊ ಒಳಗೆ ಕೂತು ಚಾಲೂ ಮಾಡಿ ಪೆಡಲು ಒತ್ತಿದ. ಎಂಜಿನ್ ಒಂದಿಷ್ಟೂ ತಡೆಯದೆ ಎದ್ದಿತು. ಅವನು ಹಲ್ಲುಕಿರಿದು, ಕೈ ಮುಗಿದು, ಆಮೇಲೆ ಅವಳ ಮುಖ ನೋಡಿ ಎಂಜಿನ್ ಆರಿಸಿದ.

"ನಿಮಗೆ ಗೊತ್ತಿದ್ದೋರಾ ಅಕ್ಕಾ, ಅವರು?"

"ನನ್ನ ಗಂಡ," ಎಂದಳು ಸತುರ್ನಿನಾ. "ಬದುಕಿದಾನೆ ಅಂತ ಗೊತ್ತಾದ್ಮೇಲೂ ಎಡೆಗೆ ಕರೆದೆ ತಮ್ಮಾ. ಹೊಟ್ಟೆ ತುಂಬ ಬಡಿಸ್ದೆ."