ಬಾಲ ಬಂದ ಪದಗಳು

ಅಪ್ಪನ ನಿಘಂಟಿನಲ್ಲಿ ಅರವತ್ತು ಸಾವಿರ ಪದಗಳಿದ್ದವು. ಎಣಿಸಲು ಕೂತವರು ತಲೆ ನೆರೆತು ಎದ್ದಿದ್ದರು. ಕಂಪ್ಯೂಟರಿನಲ್ಲಿ ಪದಕ್ಕೊಂದು ಕಡತ. ಅರ್ಥದ ಕೆಳಗೆ, # ಗುರುತಿನಿಂದ ಶುರುವಾಗುವ ಅವರ ಟಿಪ್ಪಣಿ. ಆ ಮಹಡಿ ಕೋಣೆಗೆ ಎರಡೇ ಕಟ್ಟಳೆ. ಒಂದು ಪದಕ್ಕೆ ಎರಡನೇ ಪ್ರತಿ ಇರಕೂಡದು. ಯಾವ ಆಜ್ಞೆಯನ್ನಾದರೂ ಎರಡು ಸಲ ಓಡಿಸಬೇಕು, ಒಮ್ಮೆ ಯಂತ್ರಕ್ಕಾಗಿ, ಒಮ್ಮೆ ಅನುಮಾನಕ್ಕಾಗಿ.

ಅಪ್ಪ ತೀರಿಕೊಂಡ ವಾರಕ್ಕೆ ಅವರ ಯಂತ್ರವೂ ಕಣ್ಣು ಮುಚ್ಚಿತು. ಊರಿನ ಅರ್ಧ ಯಂತ್ರಗಳನ್ನು ರಿಪೇರಿ ಮಾಡಿ ಉಳಿದರ್ಧವನ್ನು ಕೆಡಿಸಿದ್ದ ಮಗ, ಕಡತಗಳನ್ನೆಲ್ಲ ಬೇರೊಂದು ಯಂತ್ರಕ್ಕೆ ಸಾಗಿಸಿ ಅಕ್ಕನ ಮುಂದಿಟ್ಟ. ಹಳೆಯ ಡಿಸ್ಕು ಅಷ್ಟಕ್ಕೇ ಕಾದಿದ್ದಂತೆ ಸತ್ತಿತು.

"ಇದೂ ಯುನಿಕ್ಸ್ ವಂಶದ್ದೇ ಅಕ್ಕ. ಅಪ್ಪನದಕ್ಕೆ ದಾಯಾದಿ. ಆಜ್ಞೆಗಳ ಹೆಸರೂ ಅವೇ."

"ದಾಯಾದಿ ಅಂದ್ಮೇಲೆ ಎಲ್ಲೋ ಒಂದು ಕಡೆ ಕೈ ಕೊಡತ್ತೆ ಕಣೋ."

ಅಚ್ಚುಕೂಟದವರು ಟಿಪ್ಪಣಿ ಬೇಡವೆಂದಿದ್ದರು. ಅವು ಬರೀ ಪುಟಸಂಖ್ಯೆಗಳಿರಬೇಕು ಎಂದುಕೊಂಡು ಅವಳು ಒಂದನ್ನೂ ಓದಿರಲಿಲ್ಲ. ಟಿಪ್ಪಣಿ ಅಳಿಸುವ ಆಜ್ಞೆ ಅಪ್ಪನ ಕೈಬರಹದಲ್ಲಿ ಗೋಡೆಯ ಮೇಲೇ ಇತ್ತು: sed -i -e, ಮುಂದೆ ಏನನ್ನು ಅಳಿಸಬೇಕೆಂಬ ಗುರುತು. ಅದನ್ನು ಹಾಗೇ ಹೊಡೆದಳು. ಓಡಿ ಮುಗಿಯಿತು. ಕಟ್ಟಳೆಯಂತೆ ಇನ್ನೊಮ್ಮೆ ಹೊಡೆದು, ನೀರು ಕುಡಿಯಲು ಎದ್ದಳು.

ಬಂದು ನೋಡಿದರೆ ಕಡತಗಳ ಪಟ್ಟಿ ಬಸುರಿಯಂತೆ ಊದಿತ್ತು. ಪ್ರತಿ ಪದದ ಪಕ್ಕದಲ್ಲೂ ಅದೇ ಪದ, ಬಾಲಕ್ಕೆ -e ಅಂಟಿಸಿಕೊಂಡು ನಿಂತಿತ್ತು. ಕೆಲವಕ್ಕೆ ಬಾಲಕ್ಕೂ ಬಾಲ. ಎರಡನೇ ಪ್ರತಿಯೇ ಕೂಡದ ಕೋಣೆಯಲ್ಲಿ ಸಾವಿರಾರು ಎರಡನೆಯವು.

ಪಟ್ಟಿಯ ಕೊನೆಯಲ್ಲಿದ್ದ 'ಹೆಜ್ಜೆ-e' ತೆರೆದಳು.

# ಮಗಳು ಮೆಟ್ಟಿಲು ಹತ್ತುವಾಗ ಏಳನೆಯದನ್ನು ದಾಟಿ ಎಂಟಕ್ಕೆ ಕಾಲಿಡುತ್ತಾಳೆ. ನೋಡದೆಯೇ ಅವಳೆಂದು ತಿಳಿಯುತ್ತದೆ.

ಅವಳ ಕೂಗಿಗೆ ತಮ್ಮ ಕೆಳಗಿನಿಂದ ಎರಡೇ ಜಿಗಿತಕ್ಕೆ ಮೇಲೆ ಬಂದ.

"ಅಪ್ಪ ಇಲ್ಲೇ ಇದಾರೆ ಕಣೋ."

"ಸದ್ಯ, ಲೈಟ್ ಆರಿಸು ಅಂತ ಬೈದಿಲ್ಲ ತಾನೆ?" ಪರದೆ ನೋಡಿದವನು ನಗುವುದನ್ನು ನಿಲ್ಲಿಸಿದ. "ದೆವ್ವ ಅಲ್ಲ ಅಕ್ಕ, ದಾಯಾದಿ ಬುದ್ಧಿ. ಅಪ್ಪನ ಯಂತ್ರದಲ್ಲಿ -i ಅಂದ್ರೆ ಕಡತದೊಳಗೇ ತಿದ್ದು ಅಂತ, ಅಷ್ಟೇ. ಇದು -i ಕಂಡ್ರೆ, ತಿದ್ದೋಕೆ ಮುಂಚಿನ ಪ್ರತಿಗೆ ಏನು ಬಾಲ ಕಟ್ಟಲಿ ಅಂತ ಕಾಯತ್ತೆ. ಮುಂದೆ ಸಿಕ್ಕಿದ್ದು -e, ಅದನ್ನೇ ಕಟ್ಟಿದೆ. ಟಿಪ್ಪಣಿ ಎಲ್ಲಾ ಬಾಲದಲ್ಲಿ ಉಳ್ಕೊಂಡಿದೆ."

"ಎರಡನೇ ಸಲ ಓಡಿಸಿದ್ರೆ?"

"ಈಗಾಗಲೇ ಟಿಪ್ಪಣಿ ಅಳಿಸಿದ್ದರ ಪ್ರತಿ ಬಂದು ಈ ಬಾಲದ್ದರ ಮೇಲೆ ಕೂರತ್ತೆ. ಟಿಪ್ಪಣಿ ಹೋಯ್ತು. ಯಾಕೆ?"

ಎರಡನೆಯ ಓಟ ಇನ್ನೂ ನಡೆದೇ ಇತ್ತು. ಅದನ್ನು ನಿಲ್ಲಿಸಿದ ಅವಳ ಬೆರಳಿನ ಏಟಿಗೆ ಕೀಲಿಮಣೆ ಮೇಜಿನಿಂದ ಒಂದು ಗೇಣು ಹಾರಿತು. ಅಷ್ಟರಲ್ಲಿ ಅದು 'ಮ' ದಾಟಿತ್ತು.

'ಅಮ್ಮ-e' ತೆರೆದಳು. ಅರ್ಥ ಇತ್ತು, ಕೆಳಗೆ ಏನೂ ಇರಲಿಲ್ಲ. 'ಮಗಳು-e' ತೆರೆದಳು. ಅಲ್ಲೂ ಇರಲಿಲ್ಲ. ಅಪ್ಪ 'ಯ'ದಿಂದಾಚೆಗೆ ಮಾತ್ರ ಉಳಿದಿದ್ದರು.

"ಅಮ್ಮನ ಬಗ್ಗೆ ಏನು ಬರೆದಿದ್ರೋ," ಎಂದ ತಮ್ಮ, ನೆಲ ನೋಡುತ್ತ.

ಅವಳು ಅಪ್ಪನ ಕಟ್ಟಳೆ ಮುರಿದು ಉಳಿದಷ್ಟಕ್ಕೂ ಮೂರು ಮೂರು ಪ್ರತಿ ತೆಗೆದಳು. ನಿಘಂಟನ್ನು ತಮ್ಮನ ಜೊತೆ ಹೋಗಿ ಅಚ್ಚುಕೂಟಕ್ಕೆ ಕೊಟ್ಟು ಬಂದಾಗ ಇನ್ನೂ ಬಿಸಿಲಿತ್ತು. ತಮ್ಮ ಕೆಳಗೇ ಉಳಿದ. ಮೆಟ್ಟಿಲು ಹತ್ತುತ್ತ ಆರನೆಯದರ ಮೇಲೆ ನಿಂತಳು. ಏಳನ್ನು ಬಿಟ್ಟು ಎಂಟಕ್ಕೆ ಕಾಲಿಟ್ಟಳು.

ಮೇಲೆ, ಅವಳು ಬೀಗ ಹಾಕಿ ಹೋಗಿದ್ದ ಕೋಣೆಯೊಳಗೆ, ಅಪ್ಪನ ಕುರ್ಚಿ ಬಾಗಿಲ ಕಡೆಗೆ ತಿರುಗಿದ ಸದ್ದಾಯಿತು.