ಏಳು ಮನೆಯ ಪದ

ಮಾಸ್ತಮ್ಮ ಅಕ್ಕನ ತಲೆಯ ಮೇಲೆ ಎರಡನೇ ಚೆಂಬು ನೀರು ಹುಯ್ಯುತ್ತಿದ್ದಾಗ ಅಡ್ಡ ಹಿಡಿದ ಸೀರೆಯಾಚೆ ರಾಮಚಂದ್ರಪ್ಪ ಕೆಮ್ಮಿದ. ಹೆಂಗಸರು ಹೆಣಕ್ಕೆ ಸ್ನಾನ ಮಾಡಿಸುವಲ್ಲಿಗೆ ಗಂಡಸು ಬರುವುದುಂಟೇ? ಬಂದಿದ್ದ. ಹೆಂಡತಿಯ ಮುಖ ನೋಡಲಿಕ್ಕಲ್ಲ, ನಾದಿನಿಯನ್ನು ಕರೆಯಲಿಕ್ಕೆ.

"ಮಾಸ್ತಿ, ಪೇಪರ್ ಎಲ್ಲಿಟ್ಟಿದಾಳೆ ಅವಳು?"

"ಯಾವ ಪೇಪರು ಭಾವ?"

"ಗೊತ್ತಿಲ್ಲದೋಳ ಹಂಗೆ ಆಡಬೇಡ. ಭಾನುವಾರದ್ದು. ಪದಬಂಧ ಪೂರಾ ತುಂಬಿಸಿದ್ಲಾ? ಎಂಜಿನಿಯರ್ ಸಾಹೇಬ್ರು ಈಗ ಬರ್ತಾರೆ. ಅಷ್ಟರಲ್ಲಿ ನನ್ನ ಕೈಯಲ್ಲಿ ಒಂದ್ಸಲ ಬರ್ಕೊಂಡ್ರೆ ಆಯ್ತು."

"ಅಕ್ಕನ ಮೈ ಇನ್ನೂ ಆರಿಲ್ಲ ಭಾವ."

"ನನಗೇನು ದುಃಖ ಇಲ್ವಾ? ಅಣೆಕಟ್ಟಿನ ಕೆಲಸ ಮುಗೀತು. ಯಾವ ಗುಮಾಸ್ತನ್ನ ಇಟ್ಕೋಬೇಕು, ಯಾರನ್ನ ಮನೆಗೆ ಕಳಿಸಬೇಕು ಅಂತ ನಾಡಿದ್ದು ಪಟ್ಟಿ ಹಾಕ್ತಾರೆ. ಸಾಹೇಬ್ರ ಮನಸ್ಸಲ್ಲಿ ನಾನು ಉಳೀಬೇಕು."

ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಕತೆ ಮಾಸ್ತಮ್ಮ ಕೇಳಿದ್ದಳು. ಕಣ್ಣಾರೆ ನೋಡಿದ್ದು ಇವತ್ತು. ಪೇಪರು ಅವಳ ಮಡಿಲಲ್ಲೇ ಇತ್ತು. "ನೋಡ್ತೀನಿ" ಎಂದು ಮೂರನೇ ಚೆಂಬು ತುಂಬಿಕೊಂಡಳು.

*

ಅಕ್ಕ ವಿಶಾಲಮ್ಮ ಸಾಗರದಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದವಳು. ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು. ಮದುವೆಯಾಗಿ ಕಾರ್ಗಲ್ಲಿನ ಅಣೆಕಟ್ಟು ಕ್ವಾರ್ಟರ್ಸಿಗೆ ಬಂದಳು. ತನ್ನ ಗಂಡ ತೀರಿಕೊಂಡ ಮೇಲೆ ಮಾಸ್ತಮ್ಮನೂ ಹೊಸನಗರದಿಂದ ಬಂದು ಅಕ್ಕನ ಜೊತೆ ಸೇರಿಕೊಂಡಳು. ನಾಲ್ಕು ವರ್ಷದ ಹಿಂದೆ ಮೆಣಸಿನಕಾಯಿ ಕಟ್ಟಿಕೊಂಡು ಬಂದಿದ್ದ ಇಂಗ್ಲಿಷ್ ಪೇಪರಿನಲ್ಲಿ ಒಂದು ಪದಬಂಧವಿತ್ತು. ವಿಶಾಲಮ್ಮ ಸುಮ್ಮನೆ ತುಂಬಿಸಿಟ್ಟಳು. ರಾಮಚಂದ್ರಪ್ಪ ಅದನ್ನು ಆಫೀಸರುಗಳ ಕ್ಲಬ್ಬಿಗೆ ಒಯ್ದು ತನ್ನದೆಂದು ತೋರಿಸಿದ. ಪದಬಂಧದ ಹುಚ್ಚಿದ್ದ ಎಂಜಿನಿಯರ್ ನಾರಾಯಣಮೂರ್ತಿಯವರು ಗುಮಾಸ್ತನಾದ ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಚಹಾ ಕುಡಿಸಿದರು. ಅಲ್ಲಿಂದ ಶುರುವಾಯಿತು. ಇರುವೆ ಕಟ್ಟಿದ ಹುತ್ತ ಹಾವಿಗಾಯಿತು.

ವಾರವಾರ ರಾಮಚಂದ್ರಪ್ಪ ಪೇಪರು ತರುತ್ತಿದ್ದ; ಹೆಂಡತಿ ತುಂಬಿಸಿದ್ದನ್ನು ತನ್ನ ಕೈಯಲ್ಲಿ ಬರೆದುಕೊಂಡು ಕ್ಲಬ್ಬಿಗೆ ಒಯ್ಯುತ್ತಿದ್ದ. ವಿಶಾಲಮ್ಮ ಹುಣಸೇಬೀಜಗಳ ಮೇಲೆ ಸುಣ್ಣದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಬರೆದಿಟ್ಟುಕೊಂಡಿದ್ದಳು. ಒಲೆಯ ಮುಂದೆ ಸಾಲುಗುಳಿಗಳ ಚೆನ್ನೆಮಣೆ ಹಾಕಿ, ಎಷ್ಟು ಅಕ್ಷರದ ಪದವೋ ಅಷ್ಟು ಮನೆ ಎಣಿಸಿ, ಗೊತ್ತಿದ್ದ ಅಕ್ಷರಗಳನ್ನು ಅವುಗಳ ಮನೆಗಳಲ್ಲಿ ಕೂರಿಸುತ್ತಿದ್ದಳು. ಓದು ಬಾರದ ಮಾಸ್ತಮ್ಮನಿಗೆ ಬೀಜ ಹುಡುಕಿಕೊಡುವ ಕೆಲಸ.

"ಐದು ಮನೆ ಕಣೇ. ಎರಡು ತುದಿಗೂ ಆರ್. ನಡುವೆ ಆ ಕವೆ ಥರದ್ದು ಕೊಡು, ವಿ." ಬೀಜ ಕೂರಿಸಿ ನಕ್ಕುಬಿಡುತ್ತಿದ್ದಳು. "ಹೊಳೆ ಮಾರಾಯ್ತಿ, ರಿವರ್. ನಮ್ಮ ಶರಾವತಿ ಇಲ್ಲೇ ಹರೀತಿದೆ, ನಾನು ಎಲ್ಲೆಲ್ಲೋ ಹುಡುಕ್ತಿದೀನಿ."

ಕ್ವಾರ್ಟರ್ಸಿನ ಯಾವುದೋ ಕಾಗದಕ್ಕೆ ಹೆಂಡತಿಯ ಸಹಿ ಬೇಕೆಂದು ಆಫೀಸಿನವರು ಮನೆಗೆ ಬಂದ ದಿನ ವಿಶಾಲಮ್ಮ ಪೆನ್ನು ತೆಗೆದುಕೊಂಡಿದ್ದಳು. ರಾಮಚಂದ್ರಪ್ಪ ಅವಳ ಕೈ ಹಿಡಿದೆಳೆದು ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿಸಿದ. ಅವರು ಹೋದ ಮೇಲೆ ಹೇಳಿದ: "ನೀನು ಬರೀತೀಯ ಅಂತ ಗೊತ್ತಾದ್ರೆ ನನ್ನ ಮರ್ಯಾದೆ ಎಲ್ಲಿ ಉಳೀತದೆ?" ವಿಶಾಲಮ್ಮ ಸಂಜೆಯವರೆಗೆ ಬೂದಿ ಹಾಕಿ ಹೆಬ್ಬೆರಳು ತಿಕ್ಕಿದಳು. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಪೇಪರು ಬಂತು, ಕೈ ತಾನಾಗಿಯೇ ಚೆನ್ನೆಮಣೆಗೆ ಹೋಯಿತು. ಅವಳಿಗೂ ಅದರ ಆಸೆ ಅಷ್ಟಿತ್ತು. ಮಾಸ್ತಮ್ಮನಿಗೆ ಅಕ್ಕನ ಮೇಲೂ ಸಿಟ್ಟು ಬಂದಿದ್ದರೆ ಅದು ಆ ಒಂದು ದಿನ ಮಾತ್ರ.

*

ಹೆಣವನ್ನು ಚಟ್ಟದ ಮೇಲೆ ಮಲಗಿಸಿ ಆಗಿತ್ತು. ರಾಮಚಂದ್ರಪ್ಪ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೆಂಕಿಮಡಕೆಗೆ ಇದ್ದಿಲು ತುಂಬುತ್ತಿದ್ದ. ನಾರಾಯಣಮೂರ್ತಿಯವರು ಜೀಪಿನಿಂದಿಳಿದು, ಬೂಟು ಬಿಚ್ಚಿ, ಹೆಣಕ್ಕೆ ಕೈ ಮುಗಿದರು.

"ಸಣ್ಣ ವಯಸ್ಸು ಕಣ್ರೀ. ನಿಮ್ಮ ಜೊತೆ ಇದ್ದು ಅವರಿಗೂ ಇಂಗ್ಲಿಷ್ ಹುಚ್ಚು ಹಿಡಿದಿತ್ತಾ?"

"ಇಲ್ಲ ಸಾರ್, ಹೆಬ್ಬೆಟ್ಟು" ಎಂದ ರಾಮಚಂದ್ರಪ್ಪ. "ಪಾಪ, ಅಡಿಗೆಮನೆ ಬಿಟ್ರೆ ಏನೂ ಗೊತ್ತಿರಲಿಲ್ಲ."

ಬಾಯಿಗೆ ಹಾಕುವ ಅಕ್ಕಿ ತರುತ್ತಿದ್ದ ಮಾಸ್ತಮ್ಮ ತಟ್ಟೆಯನ್ನು ಜಗಲಿಯ ಮೇಲೆ ಇಟ್ಟಳು. ಮಡಿಲಿನಿಂದ ಪೇಪರು ತೆಗೆದು ನೇರ ಎಂಜಿನಿಯರ ಕೈಗೆ ಕೊಟ್ಟಳು.

"ಸಾರ್, ಆಫೀಸಲ್ಲಿ ಭಾವನ ಅಕ್ಷರ ದಿನಾ ನೋಡ್ತೀರಲ್ಲ. ಇದು ಅವರದ್ದಾ ಹೇಳಿ."

ಅಂಚಿನ ತುಂಬ ದುಂಡಗಿನ ಸಣ್ಣ ಬರಹ. ಹೊಡೆದುಹಾಕಿದ ಪದಗಳು, ಮತ್ತೆ ಬರೆದ ಪದಗಳು. ಕೆಳಗೆ ಬಂದಂತೆ ಅಕ್ಷರ ನಡುಗಿತ್ತು.

"ಇವಳಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಸಾರ್" ಎಂದ ರಾಮಚಂದ್ರಪ್ಪ. "ನಾನು ಹೇಳ್ತಾ ಹೋದೆ, ಅವಳು ಬರ್ಕೊಂಡ್ಲು ಅಷ್ಟೇ."

ನಾರಾಯಣಮೂರ್ತಿಯವರು ಪೇಪರಿನಿಂದ ತಲೆಯೆತ್ತಿದರು. "ಹೆಬ್ಬೆಟ್ಟು ಅಂದ್ರಲ್ಲ."

ರಾಮಚಂದ್ರಪ್ಪ ಬಗ್ಗಿ ಮಡಕೆಗೆ ಇನ್ನೊಂದು ಹಿಡಿ ಇದ್ದಿಲು ಹಾಕಿದ.

"ಒಂದು ಪದ ಉಳಿದದೆ ಭಾವ" ಎಂದಳು ಮಾಸ್ತಮ್ಮ. "ಏಳು ಮನೇದು. ಎರಡು ಅಕ್ಷರ ಅಕ್ಕನೇ ಕೂರಿಸಿಟ್ಟಿದಾಳೆ. ಜ್ವರ ನೆತ್ತಿಗೇರಿದೆ, ಸಾಗರದ ಆಸ್ಪತ್ರೆಗೆ ಕರ್ಕೊಂಡು ಹೋಗಾಣ ಅಂತ ನಾನು ಬಡ್ಕೊಂಡೆ. ಇದೊಂದು ಮುಗಿಸಲಿ, ಆಮೇಲೆ ಹೋಗಾಣ ಅಂದ್ರಿ ನೀವು. ಅವಳ ಕೈಲಿ ಮುಗೀಲಿಲ್ಲ. ಈಗ ನೀವು ಮುಗಿಸಿ. ಆಮೇಲೆ ಚಟ್ಟ ಎತ್ತಲಿ."

ಪಕ್ಕದ ಮನೆಯ ಕೆರಿಯಮ್ಮ ಅವಳ ತೋಳು ಹಿಡಿದಳು. "ಬಿಡೇ ಮಾಸ್ತಿ. ಹೆಣ ಕಾಯಿಸಬಾರದು."

"ಕಾಯಲಿ ಕೆರಿಯಮ್ಮ. ನಾಲ್ಕು ವರ್ಷ ಕಾದಿದಾಳೆ."

ನಾರಾಯಣಮೂರ್ತಿಯವರು ಜೇಬಿನಿಂದ ಪೆನ್ನು ತೆಗೆದು ಕ್ಯಾಪು ಬಿಚ್ಚಿದರು. ಪೇಪರನ್ನೂ ಪೆನ್ನನ್ನೂ ರಾಮಚಂದ್ರಪ್ಪನ ಮುಂದೆ ಹಿಡಿದರು. ಅವನು ಪಂಚೆಗೆ ಇದ್ದಿಲ ಕೈ ಒರೆಸಿಕೊಳ್ಳುವುದನ್ನೂ ಮರೆತು ತೆಗೆದುಕೊಂಡ. ನೋಡಿದ. ತುಟಿ ಅಲ್ಲಾಡಿಸಿದ. ಬೆಂಕಿಮಡಕೆಯ ಹೊಗೆ ಕಣ್ಣಿಗೆ ಬರುತ್ತಿದ್ದರೂ ಪಕ್ಕಕ್ಕೆ ಸರಿಯಲಿಲ್ಲ. ಪೆನ್ನು ಒಮ್ಮೆಯೂ ಕಾಗದಕ್ಕೆ ತಾಗಲಿಲ್ಲ. ಬಹಳ ಹೊತ್ತಿನ ಮೇಲೆ ಎಂಜಿನಿಯರು ಕೈ ಚಾಚಿ ಪೇಪರನ್ನು ವಾಪಸು ತೆಗೆದುಕೊಂಡು, ಮಾಸ್ತಮ್ಮನಿಗೆ ಕೊಟ್ಟರು.

ಮಾಸ್ತಮ್ಮ ನೋಡಿದಳು. ಅಕ್ಕನ ಎರಡು ಅಕ್ಷರಗಳ ಪಕ್ಕ, ಖಾಲಿ ಉಳಿದ ಮನೆಗಳ ಮೇಲೆ, ಇದ್ದಿಲ ಕಪ್ಪಿನಲ್ಲಿ ಒಂದು ದಪ್ಪ ಹೆಬ್ಬೆಟ್ಟು ಗೆರೆಗೆರೆಯೂ ಕಾಣುವ ಹಾಗೆ ಮೂಡಿತ್ತು.